ಮೊದಲ ಮೊಳೆಯ ಚಾವಿ

ಏ ಕೋಟೆ ಓಣಿಯವ್ರೇ, ಮಷಿನ್ ಒಂದೀಟು ನಿಲ್ಲಿಸ್ರಿ! ಬಳ್ಳಾರಿಗೆ ಪ್ಯಾಂಟ್ ಹೊಲಿಯಾಕ ಹೋದವ್ರು, ಬೆಂಗಳೂರು ಗಾರ್ಮೆಂಟ್ಸಿನಾಗ ಇರೋರು, ನೀವೂ ಫೋನು ಕಿವಿಗೆ ಹಚ್ಕೊಳ್ರಿ. ನಮ್ಮ ಲಾರಿ ಸಿದ್ದಬಸಪ್ಪನ ಸುದ್ದಿ ಐತಿ.

ರಾಯದುರ್ಗಕ್ಕೆ ಜೀನ್ಸ್ ಬಟ್ಟೆ, ದಾರ ತರಲು, ಹೊಲಿದ ಪ್ಯಾಂಟು ಸಾಗಿಸಲು ಲಾರಿಗಳಿಗೆ ಪಾಳಿ ಇದೆ. ಆ ಪಾಳಿ ಇರುವುದು ಓಬಕ್ಕನ ಚಹಾದಂಗಡಿಯ ಗೋಡೆಯ ಮೇಲೆ. ಅಲ್ಲೊಂದು ಹಲಗೆ, ಹಲಗೆಯ ತುಂಬ ಸಾಲು ಮೊಳೆ. ಲೋಡು ಇಳಿಸಿ ಬಂದವನು ಗಾಡಿಯ ಚಾವಿಯನ್ನು ಕೊನೆಯಲ್ಲಿ ನೇತುಹಾಕಬೇಕು. ಮುಂದಿನವರು ಹೋದ ಹಾಗೆ ಅದು ಮೊದಲ ಮೊಳೆಯತ್ತ ಸರಿಯುತ್ತದೆ. ಪಾಳಿ ಬರುವ ಮೊದಲೇ ಚಾವಿ ತೆಗೆದವನು ಮತ್ತೆ ಕೊನೆಗೆ ಹೋಗಬೇಕು. ಯಾರ ಗಾಡಿ ಹೊಸದು, ಯಾರು ಯಾವ ಸಾವ್ಕಾರನ ಕಡೆಯವರು ಎಂದು ಮೊಳೆ ಕೇಳುವುದಿಲ್ಲ.

ಆ ವರ್ಷ ಹೊರಗಿನ ಟ್ರಾನ್ಸ್‌ಪೋರ್ಟ್ ಕಂಪನಿಯೊಂದು ಊರಿನ ಲೋಡೆಲ್ಲ ತನ್ನ ಮೂಲಕವೇ ಹೋಗಬೇಕು, ಬಾಡಿಗೆಯನ್ನು ತಾನೇ ಹೇಳಬೇಕು ಎಂದು ಹೊರಟಿತು. ಡ್ರೈವರುಗಳನ್ನು ಯಾರೂ ಮಾತಾಡಿಸಲಿಲ್ಲ. ಕಂಪನಿಯವರು ಹೋಗಿ ಕೂತದ್ದು ಆಫೀಸುಗಳಲ್ಲಿ, ಲೀಡರುಗಳ ಮನೆಗಳಲ್ಲಿ. ಪಾಳಿ ಪದ್ಧತಿ ತೆಗೆಯುವ ಆರ್ಡರು ಸೋಮವಾರದ ಮೀಟಿಂಗಿನಲ್ಲಿ ಆಗುತ್ತದೆ ಎಂಬ ಸುದ್ದಿ ಬಂತು. ಡ್ರೈವರುಗಳಿಗೆ ಯಾವ ಲೀಡರು ಗೊತ್ತು? ಎಲ್ಲರೂ ಚಾವಿಗಳನ್ನು ಮೊಳೆಗೆ ಹಾಕಿ ಮುಷ್ಕರಕ್ಕೆ ಕೂತರು.

ಮೊದಲ ಮೊಳೆ ಸಿದ್ದಬಸಪ್ಪನದು. ಅವನ ಹೆಂಡತಿ ಬಾಲಮ್ಮ ಮನೆಯಲ್ಲೇ ಪ್ಯಾಂಟಿನ ಜೇಬು ಹೊಲಿಯುವವಳು. ಲಾರಿ ನಿಂತರೆ ದಾರ ಬರುವುದಿಲ್ಲ, ದಾರ ಬರದಿದ್ದರೆ ಅವಳ ಮಷಿನ್ನೂ ನಿಲ್ಲುತ್ತದೆ. ಕಂಪನಿಯ ಮ್ಯಾನೇಜರ್ ಸಾಯಿಪ್ರಸಾದನಿಗೆ ಇದು ಗೊತ್ತಿತ್ತು. ಶುಕ್ರವಾರ ಸಂಜೆ ಅಂಗಡಿಗೇ ಬಂದು, ಎಲ್ಲರೆದುರೇ ಸಿದ್ದಬಸಪ್ಪನ ಪಕ್ಕ ಕೂತು, ನಾಳೆ ಒಂದೇ ಒಂದು ಲೋಡು ಎತ್ತಿದರೆ ಇನ್ನು ಮುಂದೆ ಕಂಪನಿ ಲೋಡು ಖಾಯಂ ಎಂದ. ಅವನಿಗೆ ಬೇಕಾಗಿದ್ದದ್ದು ಒಂದು ಫೋಟೊ. ಪಾಳಿಯ ಮೊದಲ ಲಾರಿಯೇ ಲೋಡು ಎತ್ತಿದೆ, ಡ್ರೈವರುಗಳು ಒಪ್ಪಿದ್ದಾರೆ ಎಂದು ಮೀಟಿಂಗಿನಲ್ಲಿ ತೋರಿಸಬಹುದಲ್ಲ. ಸಿದ್ದಬಸಪ್ಪ ಆಗಲಿ ಅನ್ನಲಿಲ್ಲ, ಆಗದು ಅಂತಲೂ ಅನ್ನಲಿಲ್ಲ. ಚಹಾ ಮುಗಿಸಿ ಎದ್ದು ಹೋದ.

ಶನಿವಾರ ಬೆಳಿಗ್ಗೆ ಅವನು ನೇಮಕಲ್ಲು ಆಂಜನೇಯನಿಗೆ ಬಸ್ಸು ಹತ್ತಿದ. ಅತ್ತ ಬಾಲಮ್ಮ ಒಂದು ಉಂಡೆ ದಾರ ಕಡ ಕೇಳಲೆಂದು, ಬೀಗ ಒತ್ತಿಕೊಂಡು ಪಕ್ಕದ ಓಣಿಗೆ ಹೋದಳು. ತಿರುಗಿ ಬಂದಾಗಲೇ ನೆನಪಾದದ್ದು: ಮನೆಯ ಚಾವಿ ಇರುವುದು ಲಾರಿ ಚಾವಿಯ ರಿಂಗಿನಲ್ಲಿ, ರಿಂಗು ಇರುವುದು ಮೊಳೆಯಲ್ಲಿ. ಅಂಗಡಿಗೆ ಹೋದರೆ ಓಬಕ್ಕ ನೀರಿಗೆ ಹೋಗಿದ್ದಳು. ಬಾಲಮ್ಮ ರಿಂಗು ತೆಗೆದುಕೊಂಡು ಹೋಗಿ ಬೀಗ ತೆರೆದಳು. ಸಿಕ್ಕ ದಾರದ ಖುಷಿಯಲ್ಲಿ ಹೊಲಿಯಲು ಕೂತವಳು ರಿಂಗನ್ನು ಮರೆತೇಬಿಟ್ಟಳು.

ಮೊದಲ ಮೊಳೆ ಖಾಲಿ! ನೋಡಿದವರು ಇನ್ನೇನು ತಿಳಿಯಬೇಕು? ಮಧ್ಯಾಹ್ನದೊಳಗೆ ಇಬ್ಬರು ತಮ್ಮ ಚಾವಿಗಳನ್ನೂ ತೆಗೆದು ಲೋಡಿಗಾಗಿ ಕಂಪನಿಯ ಗೋಡೌನಿನ ಕಡೆ ಹೊರಟರು.

ಹಣೆಯ ಮೇಲೆ ಸಿಂಧೂರ ಹಚ್ಚಿಕೊಂಡು ಬಸ್ಸಿಳಿದ ಸಿದ್ದಬಸಪ್ಪನಿಗೆ ಅಂಗಡಿಯ ಮುಂದೆ ಎದುರಾದವನು ಜೊತೆಗಾರ ಡ್ರೈವರ್ ಸುಂಕಪ್ಪ.

"ಬರ್ರಿ ಖಾಯಂ ಸಾವ್ಕಾರ್ರ. ಹನುಮಪ್ಪನ್ನೂ ಕಂಪನಿಗೆ ಸೇರಿಸಿ ಬಂದ್ರೇನು?"

ಸಿದ್ದಬಸಪ್ಪ ಮೊಳೆ ನೋಡಿದ. ಮನೆಯ ಚಾವಿಯೂ ಅದೇ ರಿಂಗಿನಲ್ಲಿದ್ದದ್ದು ನೆನಪಾಗಿ ನೇರ ಮನೆಗೆ ನಡೆದ. ರಿಂಗು ಮಷಿನ್ನಿನ ಮೇಲೆಯೇ ಇತ್ತು. ಯಾಕೆ ತೆಗೆದೆ ಎಂದದ್ದಕ್ಕೆ ಬಾಲಮ್ಮ ಹೊಲಿಯುತ್ತಲೇ ಅಂದಳು.

"ಮನಿಯೊಳಗ ಹೋಗಾಕ ನಿಮ್ಮ ಯೂನಿಯನ್ನ ಕೇಳಬೇಕೇನು?"

ಅವನಿಗೆ ನಗು ಬಂತು. ರಿಂಗು ಹಿಡಿದು ಅಂಗಡಿಗೆ ಓಡಿದ. ನಡೆದದ್ದನ್ನು ಹೇಳಿದಾಗ ಓಬಕ್ಕ ನಕ್ಕುಬಿಟ್ಟಳು. ಸುಂಕಪ್ಪನೂ ತಣ್ಣಗಾದ.

"ಗೊತ್ತಿಲ್ದ ಆಗೈತಿ ಬಿಡ್ರಿ. ನಿಮ್ಮ ಮೊಳಿಗೇ ಹಾಕ್ರಿ."

ಸಿದ್ದಬಸಪ್ಪ ಮೊದಲ ಮೊಳೆಯನ್ನೊಮ್ಮೆ ಮುಟ್ಟಿದ. ಎಷ್ಟೋ ದಿನ ಕಾದು ಬಂದ ಪಾಳಿ ಅದು.

"ಇವತ್ತು ನನಗ ಒಂದು ಕಾರಣ ಐತಿ. ನಾಳೆ ನಿನಗ ಇರತೈತಿ. ಸಾಯಿಪ್ರಸಾದ್ ಹತ್ರನೂ ಕಾರಣ ಐತಪ್ಪ."

ರಿಂಗಿನಿಂದ ಮನೆಯ ಚಾವಿ ಬಿಡಿಸಿಕೊಂಡು, ಲಾರಿಯದನ್ನು ಸಾಲಿನ ಕೊನೆಗೆ ಹಾಕಿದ. ಸುಂಕಪ್ಪ ಸೈಕಲ್ ಹತ್ತಿ ಗೋಡೌನಿಗೆ ಹೋಗಿ ಇದನ್ನು ಹೇಳಿದ. ಆ ಇಬ್ಬರೂ ಖಾಲಿ ಲಾರಿಗಳಲ್ಲೇ ವಾಪಸು ಬಂದು, ಯಾರ ಮುಖವನ್ನೂ ನೋಡದೆ, ಸಿದ್ದಬಸಪ್ಪನ ಹಿಂದೆ ತಮ್ಮ ಚಾವಿಗಳನ್ನು ಹಾಕಿದರು.

ಫೋಟೊ ಸಿಗದಿದ್ದರಿಂದ ಸೋಮವಾರ ಡ್ರೈವರುಗಳನ್ನೂ ಕರೆದು ಕೂರಿಸಬೇಕಾಯಿತು. ಪೂರ್ತಿ ಗೆದ್ದರು ಎನ್ನಲಾರೆ. ದೂರದ ಲೋಡು ಕಂಪನಿಯ ಪಾಲಾಯಿತು, ಬಳ್ಳಾರಿ ಲೋಡಿಗೆ ಪಾಳಿ ಉಳಿಯಿತು. ಆ ಸಾಲಿನ ಕೊನೆಯಿಂದ ಮೊದಲ ಮೊಳೆಗೆ ಬರಲು ಸಿದ್ದಬಸಪ್ಪ ಮತ್ತೆ ಬಹಳ ಕಾಯಬೇಕಾಯಿತು.

ಆದರೆ ಆ ಶನಿವಾರ ಸಂಜೆ ಅವನು ಮನೆಗೆ ಬಂದ, ಬಾಲಮ್ಮ ಕಡ ತಂದಿದ್ದ ಉಂಡೆಯಿಂದ ಒಂದು ಗೇಣು ದಾರ ಕತ್ತರಿಸಿದ, ಮನೆಯ ಚಾವಿಗೆ ಪೋಣಿಸಿ ಗಂಟು ಹಾಕಿ ಅವಳ ಕೈಗೆ ಕೊಟ್ಟ.