ಹೆಂಡತಿಯ ಒಪ್ಪಿಗೆ ಪತ್ರ

ನನ್ನ ಗಂಡ ನಿವೃತ್ತರಾದಾಗ ಅವರ ಕಂಪನಿ ಎರಡು ದಾರಿ ತೋರಿಸಿತು. ಪಿಂಚಣಿಯನ್ನು ತಿಂಗಳು ತಿಂಗಳು ಪಡೆಯಬಹುದು. ಅವರ ನಂತರ ಅದರಲ್ಲಿ ಅರ್ಧ ನನಗೆ, ನಾನು ಇರುವವರೆಗೂ. ಇಲ್ಲವೇ ಪೂರ್ತಿ ಗಂಟನ್ನು ಒಂದೇ ಸಲ ಬೇರೆ ಕಡೆಗೆ ವರ್ಗಾಯಿಸಬಹುದು. ವರ್ಗಾಯಿಸಿದ ಮೇಲೆ ಹಿಂದಕ್ಕೆ ಬರುವಂತಿಲ್ಲ.

ಪಕ್ಕದ ಊರು ಬೆಲ್‌ವ್ಯೂನಲ್ಲಿ ಹಣಕಾಸಿನ ಸಲಹೆಗಾರ್ತಿಯೊಬ್ಬಳಿದ್ದಳು, ಅವಳನ್ನು ಕೇಳಲು ಹೋದೆವು. ತಾನು ಏನನ್ನೂ ಮಾರುವುದಿಲ್ಲ, ಕಾಗದ ಓದಿ ಹೇಳುತ್ತೇನೆ, ಅದಕ್ಕೆ ಶುಲ್ಕ ಇಷ್ಟು ಎಂದಳು. ಕಾರಿನಲ್ಲಿ ಕೂತ ಮೇಲೆ ನನ್ನವರು, "ಬರೀ ಮಾತಿಗೆ ಇಷ್ಟು ದುಡ್ಡಾ?" ಅಂದರು. ನ್ಯೂಕ್ಯಾಸಲ್‌ನ ಮನೆ ತಲುಪುವವರೆಗೂ ಇಬ್ಬರೂ ಅವಳನ್ನು ಆಡಿಕೊಂಡು ನಕ್ಕೆವು. ನಲ್ಲಿ ಸೋರಿದರೆ ಪ್ಲಂಬರ್ ಕೇಳಿದಷ್ಟನ್ನು ತುಟಿಪಿಟಕ್ಕೆನ್ನದೆ ಕೊಡುವ ಜನ ನಾವು.

ಪುಕ್ಕಟೆ ಹೇಳುವವರು ನಮ್ಮವರೇ ಇದ್ದರು. ಲಿನ್‌ವುಡ್‌ನಲ್ಲಿದ್ದ ಮೈಸೂರಿನವರೊಬ್ಬರು ವಾರವೆಲ್ಲ ಸಾಫ್ಟ್‌ವೇರ್ ಕೆಲಸ ಮಾಡಿ, ವಾರಾಂತ್ಯದಲ್ಲಿ ವಿಮಾ ಯೋಜನೆ ಮಾರುತ್ತಿದ್ದರು. ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಪ್ರತಿ ವರ್ಷ ಬಂದು, ಮಂಟಪ ಕಟ್ಟುವುದರಿಂದ ಪಾತ್ರೆ ತೊಳೆಯುವವರೆಗೂ ಓಡಾಡುತ್ತಿದ್ದರು. "ನಿಮ್ಮ ಹತ್ರ ಫೀಸ್ ತಗೋತೀನಾ ಅಕ್ಕಾ?" ಅಂದರು. ಅಕ್ಕ ಅಂದದ್ದಕ್ಕೇ ನಾನು ಕರಗಿಹೋದೆ.

ಆ ಸಲದ ಪೂಜೆಯ ದಿನವೇ, ಪಿಂಚಣಿಯ ಗಂಟನ್ನು ತಮ್ಮ ವಿಮಾ ಯೋಜನೆಗೆ ವರ್ಗಾಯಿಸುವ ಕಾಗದ ತಂದರು, ಜೊತೆಗೆ ನೋಟರಿಯನ್ನೂ. ವರ್ಗಾವಣೆಗೆ ಹೆಂಡತಿಯೂ ಒಪ್ಪಿ ನೋಟರಿಯ ಮುಂದೆ ಸಹಿ ಹಾಕಬೇಕಂತೆ. ನೋಟರಿ ಹೆಂಗಸು ಸಜ್ಜಿಗೆಯ ಪ್ರಸಾದವನ್ನು ಎರಡು ಸಲ ಹಾಕಿಸಿಕೊಂಡಳು. ಓದಬೇಕು ಎಂದು ನನಗೂ ಅನ್ನಿಸಿತ್ತು. ಆದರೆ ಮನೆಗೆ ಊಟಕ್ಕೆ ಕರೆದವರ ಎದುರಿಗೇ ಕನ್ನಡಕ ಹಾಕಿಕೊಂಡು, ಅವರು ತಂದ ಕಾಗದವನ್ನು ಸಾಲು ಸಾಲಾಗಿ ಓದುವುದು ಹೇಗೆ? ನಿಮ್ಮ ಮೇಲೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದ ಹಾಗಾಗುತ್ತದೆ. ಹಳದಿ ಚೀಟಿ ಅಂಟಿಸಿದ್ದ ಕಡೆಯಲ್ಲೆಲ್ಲ ಸಹಿ ಹಾಕಿದೆ. ಬೆರಳಿನ ಕುಂಕುಮ ಹಾಳೆಯ ಅಂಚಿಗೆ ಮೆತ್ತಿಕೊಂಡಿತು.

ಎರಡು ವರ್ಷಕ್ಕೆ ನನ್ನವರಿಗೆ ಪಾರ್ಶ್ವವಾಯು ಬಡಿಯಿತು. ಅವರನ್ನು ಎತ್ತಿ ಕೂರಿಸುವುದು ನನ್ನ ಕೈಯಲ್ಲಾಗದು, ಆಳು ಬೇಕೇ ಬೇಕು. ದುಡ್ಡು ಕೇಳಿದರೆ, ಹತ್ತು ವರ್ಷದೊಳಗೆ ತೆಗೆದರೆ ದೊಡ್ಡ ಪಾಲು ಕಡಿತ ಎಂದು ವಿಮಾ ಕಂಪನಿ ಹೇಳಿತು. ಮೈಸೂರಿನವರಿಗೆ ಫೋನ್ ಮಾಡಿದೆ. "ಎಲ್ಲಾ ಪೇಪರಲ್ಲೇ ಇತ್ತಲ್ಲಾ ಅಕ್ಕಾ" ಅಂದರು. ಅವರು ಹೇಳಿದ್ದು ಸುಳ್ಳೇನಲ್ಲ.

ಕೊನೆಗೆ, ಪಕ್ಕದ ಮನೆಯ ತೆಲುಗಿನವರನ್ನು ನನ್ನವರ ಹತ್ತಿರ ಕೂರಿಸಿ, ಬೆಲ್‌ವ್ಯೂನವಳ ಬಳಿಗೇ ಹೋದೆ. ಕೇಳಿದ ಶುಲ್ಕ ಕೊಟ್ಟೆ. ಒಂದು ಗಂಟೆ ಓದಿದಳು. ಮೈಸೂರಿನವರ ಕಮಿಷನ್ ನಮ್ಮ ಯೋಜನೆಯೊಳಗಿಂದಲೇ ಹೋಗಿದ್ದನ್ನು ತೋರಿಸಿದಳು. ಅದರ ಮುಂದೆ ಇವಳ ಶುಲ್ಕ ಏನೂ ಅಲ್ಲ. ಆಮೇಲೆ ನನ್ನ ಒಪ್ಪಿಗೆ ಪತ್ರವನ್ನು ನನ್ನ ಕಡೆಗೆ ತಿರುಗಿಸಿ, ಸಹಿಯ ಮೇಲಿನ ಸಾಲನ್ನು ನಿಧಾನವಾಗಿ ಓದಿದಳು. ಗಂಡನ ನಂತರ ನನಗೆ ಬರಬೇಕಾದ ಪಿಂಚಣಿಯನ್ನು ತಿಳಿದೂ ತಿಳಿದೂ, ಸ್ವಂತ ಇಚ್ಛೆಯಿಂದ ಬಿಟ್ಟುಕೊಡುತ್ತಿದ್ದೇನೆ ಎಂದಿತ್ತು. ಈಗ ಏನು ಮಾಡಬಹುದು ಎಂದು ಕೇಳಿದೆ. ಸಹಿಗೆ ಮುಂಚೆ ಬಂದಿದ್ದರೆ ಹೇಳುವುದು ಬಹಳ ಇತ್ತು ಎಂದಳು. ನನಗೆ ಅಳು ಬಂತು. ಅವಳು ಟಿಶ್ಯೂ ಡಬ್ಬಿಯನ್ನು ಮುಂದಕ್ಕೆ ತಳ್ಳಿದಳು.

ಮನೆಗೆ ಬಂದಾಗ ನನ್ನವರು ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಮಾತು ತೊದಲುತ್ತದೆ, ಬುದ್ಧಿ ಚುರುಕಾಗಿಯೇ ಇದೆ. "ಎಷ್ಟು ತಗೊಂಡ್ಳು?" ಎಂದು ಕೇಳಿದರು.

"ಏನೂ ತಗೊಳ್ಳಲಿಲ್ಲ" ಅಂದೆ.

ಸೊಟ್ಟಗಾದ ಬಾಯಲ್ಲೇ ನಕ್ಕರು. "ಹಾಗಾದ್ರೆ ಮೊದ್ಲೇ ಹೋಗ್ಬಹುದಿತ್ತಲ್ಲ" ಅಂದರು.