ಬೀಗ ಹಾಕಿದ ಮನೆಗಳ ಉತ್ತರ

ಆಫೀಸಿನಲ್ಲಿ ಅವಳಿಗೆ ಮೊಂಡಿ ಎಂದೇ ಹೆಸರು. ಸಮೀಕ್ಷೆಗಳ ಅಂಕಿಅಂಶಗಳನ್ನು ಜರಡಿ ಹಿಡಿಯುವುದು ಅವಳ ಕೆಲಸ. ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಬಾರದ ಕೆಲಸ.

ನಸುಕಿನ ಬಸ್ಸನ್ನು ನಿಲ್ಲಿಸಬಹುದೇ ಎಂದು ಸಾರಿಗೆ ಇಲಾಖೆ ಒಂದು ವರ್ಷ ಅವಳ ಆಫೀಸನ್ನು ಕೇಳಿತ್ತು. ಸಮೀಕ್ಷೆಯವರು ಹಾಡಹಗಲಲ್ಲಿ ಮನೆಮನೆ ಸುತ್ತಿ ಬಂದರು. ಬಾಗಿಲು ತೆರೆದವರಲ್ಲಿ ಮುಕ್ಕಾಲು ಪಾಲು ಮಂದಿ ಆ ಬಸ್ಸು ತಮಗೆ ಬೇಡ ಎಂದಿದ್ದರು. ಉಳಿದಂತೆ ಎಷ್ಟೋ ಮನೆಗಳಿಗೆ ಬೀಗ. ಕಂಪ್ಯೂಟರಿನಲ್ಲಿ ಆ ಸಾಲುಗಳೆಲ್ಲ ಖಾಲಿ.

"ಖಾಲಿ ಇರೋ ಕಡೆ ಸರಾಸರಿ ತುಂಬಿಸಿ ಮುಗಿಸಮ್ಮ," ಎಂದರು ಮೇಲಧಿಕಾರಿ. "ಎಲ್ಲರೂ ಮಾಡೋದೇ ಅದು."

"ಮನೇಲಿದ್ದೋರ ಮಾತನ್ನ ಮನೇಲಿಲ್ಲದೋರ ಬಾಯಿಗೆ ತುರುಕೋದಾ ಸರ್? ಅವರು ಆ ಹೊತ್ತಲ್ಲಿ ಎಲ್ಲಿಗೆ ಹೋಗಿದ್ರು ಅಂತ ಯಾರಾದ್ರೂ ಕೇಳಿದ್ರಾ?"

"ಅದು ನಮ್ಮ ಕೆಲಸ ಅಲ್ಲ."

"ನನ್ನ ಕೆಲಸ ಅದೇ."

ಅವಳ ಅಮ್ಮ ಆಸ್ಪತ್ರೆಯ ನೆಲ ಒರೆಸಿ ಮಗಳನ್ನು ಓದಿಸಿದವಳು. ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಿದ್ದ ಆಕೆ ಯಾವ ಸಮೀಕ್ಷೆಯವರ ಕೈಗೂ ಸಿಕ್ಕವಳಲ್ಲ.

ಮೊಂಡಿ ಚೀಟಿ ಎತ್ತಿ ಬೀಗದ ಮನೆಗಳಲ್ಲಿ ಕೆಲವನ್ನು ಆರಿಸಿಕೊಂಡು, ಸಂಜೆ ದೀಪ ಹತ್ತಿದ ಮೇಲೆ ಒಬ್ಬಳೇ ಹೋಗಿ ತಟ್ಟಿದಳು. ಮೊದಲ ಬಾಗಿಲು ತೆರೆದವಳು ಹೋಟೆಲಿನಲ್ಲಿ ಪಾತ್ರೆ ತೊಳೆಯುವಾಕೆ.

"ಹಗಲು ಬಂದ್ರೆ ನಾವೆಲ್ಲಿ ಸಿಗ್ತೀವಕ್ಕಾ? ಆ ಬಸ್ಸು ಹತ್ತಿ ಹೋಗಿರ್ತೀವಲ್ಲ," ಎಂದು ಆಕೆ ನಕ್ಕಳು.

ಉಳಿದ ಬಾಗಿಲುಗಳಲ್ಲೂ ಹೆಚ್ಚುಕಡಿಮೆ ಅದೇ ಮಾತು. ಬಸ್ಸು ಯಾರಿಗೆ ಬೇಕಿತ್ತೋ ಅವರೇ ಲೆಕ್ಕದಿಂದ ಜಾರಿಹೋಗಿದ್ದರು. ಸರಾಸರಿ ತುಂಬಿದ್ದರೆ ಅವರ ಕೈಯಿಂದಲೇ ಅವರ ಬಸ್ಸಿಗೆ ಎಳ್ಳುನೀರು ಬಿಡಿಸಿದಂತಾಗುತ್ತಿತ್ತು.

ಈ ಉತ್ತರಗಳನ್ನು ಸೇರಿಸಿ ಅವಳು ಬರೆದುಕೊಟ್ಟ ಭಾಗವನ್ನು ಮೇಲಧಿಕಾರಿ ವರದಿಯಿಂದ ಕಿತ್ತುಹಾಕಿದರು. ಇಲಾಖೆಯವರ ಸಭೆಯಲ್ಲಿ ಹಿಂದಿನ ಸಾಲಿನಲ್ಲಿದ್ದ ಅವಳು ಎದ್ದು ನಿಂತಳು. ತನ್ನ ಹಾಳೆಗಳನ್ನು ಬಿಚ್ಚಿ ಹಿಡಿದಳು.

"ಈ ವರದೀಲಿ ಬಸ್ಸು ಹತ್ತೋರೇ ಇಲ್ಲ. ಅವರ ಉತ್ತರ ನನ್ನ ಹತ್ರ ಇದೆ. ಕೇಳಿಸ್ಕೊಂಡು ಆಮೇಲೆ ನಿಲ್ಸೋದಾದ್ರೆ ನಿಲ್ಸಿ."

"ಕೂತ್ಕೊಳಮ್ಮ," ಎಂದು ಮೇಲಧಿಕಾರಿ ಹಲ್ಲು ಕಚ್ಚಿದರು. ಅವಳು ಕೂರಲಿಲ್ಲ, ಕೊನೆಯ ಮನೆಯವರೆಗೂ ಓದಿ ಹೇಳಿದಳು.

ಬಸ್ಸು ಉಳಿಯಿತು. ಅವಳನ್ನು ಮಾತ್ರ ಕಿಟಕಿಯಿಲ್ಲದ ಹಿಂದಿನ ಕೋಣೆಗೆ ತಳ್ಳಿದರು. "ಬೇಕಿತ್ತೇನೇ ನಿಂಗೆ?" ಎಂದು ಅಮ್ಮ ಕೇಳಿದಾಗ, "ಬೇಕಿತ್ತಮ್ಮ," ಎಂದಳು.

ಮುಂದಿನ ಸಮೀಕ್ಷೆಯ ಫೈಲು ಆ ಕೋಣೆಗೆ ಬಂದ ದಿನವೇ, "ಬಾಗಿಲು ತಟ್ಟಿದ್ದು ಯಾವ ಹೊತ್ತಿನಲ್ಲಿ?" ಎಂದು ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಅವಳು ಅದನ್ನು ವಾಪಸ್ ಕಳಿಸಿದಳು.