ಸುಮ್ಮನೆ ನಡೆಯುವ ಹೆಂಗಸು

ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಕೂತೇ ನಿವೃತ್ತಳಾದ ನನ್ನ ಮಂಡಿಗೆ ನಡಿಗೆಯೇ ಮದ್ದು ಎಂದರು ಡಾಕ್ಟರು. ರಾಗಿಗುಡ್ಡದ ಹತ್ತಿರದ ಪಾರ್ಕಿನಲ್ಲಿ ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಬೇಸರ ಬಂತು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ನಮ್ಮ ಮನೆಯವರಿಗೆ ಹೇಳಿದೆ: "ಬಸ್ಸಲ್ಲಿ ಅರ್ಧ ಗಂಟೆ ದೂರದ ಗಾಜನೂರಿಗೆ ಹೋಗ್ತೀನಿ. ಡ್ಯಾಮ್ ನೀರಿನ ಚಾನಲ್ ಏರಿ ಮೇಲೆ ನಡೆದು, ಗದ್ದೆ, ಕಾಡು, ಎರಡು ಊರು ದಾಟಿ ಅದೇ ಬಸ್ ಸ್ಟಾಪಿಗೆ ವಾಪಸ್ ಬರ್ತೀನಿ." ಅವರು ಪೇಪರಿನಿಂದ ತಲೆ ಎತ್ತದೆ "ಹೂಂ" ಅಂದರು. ಆ "ಹೂಂ" ನೆನಪಿಟ್ಟುಕೊಳ್ಳಿ.

ಏರಿಯ ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ಆಗಷ್ಟೇ ನಾಟಿ ಮುಗಿದ ಗದ್ದೆ. ಯಾರೂ ನನ್ನನ್ನು ಏನೂ ಕೇಳದ ಇಂಥ ಹೊತ್ತು ಸಿಕ್ಕಿ ಎಷ್ಟು ವರ್ಷವಾಗಿತ್ತೋ! ಹಾಗಂದುಕೊಳ್ಳುವಷ್ಟರಲ್ಲಿ ಬೈಕೊಂದು ಪಕ್ಕದಲ್ಲಿ ನಿಂತಿತು.

"ಏನಮ್ಮಾ, ಒಬ್ರೇ ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಸುಮ್ನೆ ನಡೀತಿದೀನಿ."

ಅವನು ನನ್ನ ಮುಖ ನೋಡಿದ, ಚಾನಲ್ ನೀರು ನೋಡಿದ, ಮತ್ತೆ ನನ್ನ ಮುಖ ನೋಡಿ ಮುಂದೆ ಹೋದ.

ಮೊದಲನೆಯ ಊರಿನ ಟೀ ಅಂಗಡಿಯ ಮುಂದೆ ಆಗಲೇ ಜನ ಸೇರಿದ್ದರು. ಬೈಕಿನವನು ಸುದ್ದಿ ಮುಟ್ಟಿಸಿದ್ದ. ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರು. "ಮನೇಲಿ ಏನೇ ಇರ್ಲಿ ತಾಯಿ, ಗಂಡಸ್ರ ಬುದ್ಧಿನೇ ಅಷ್ಟು. ನೀರಿನ ಕಡೆ ಮಾತ್ರ ಹೋಗ್ಬ್ಯಾಡ." ಅಯ್ಯೋ, ಮಂಡಿ ನೋವಿಗೆ ವಾಕಿಂಗ್ ಬಂದಿದ್ದೀನಿ ಅಂದೆ. ಪಾಪ, ಹೇಳಿಕೊಳ್ಳಲಾರಳು ಎಂಬಂತೆ ಎಲ್ಲರೂ ತಲೆಯಾಡಿಸಿದರು. ಮನೆಯ ಫೋನ್ ನಂಬರ್ ಕೊಡುವುದಿಲ್ಲ ಅಂದಾಗಲಂತೂ ಅವರ ಅನುಮಾನ ಗಟ್ಟಿಯಾಯಿತು. ಕೊಡುವವರೆಗೂ ಏಳಲು ಬಿಡಲಿಲ್ಲ. ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ಸ್ಕೂಟರ್ ಹತ್ತಿ ಬಂದ ನಮ್ಮ ಮನೆಯವರ ಮೇಲೆ. ನಾನು ಎಲ್ಲಿಗೆ, ಯಾಕೆ ಹೋಗಿದ್ದೆ ಎಂದು ಅವರಿಗೆ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಅವರು ಮಾತ್ರ ಎಲ್ಲರಿಗೂ ಕೈಮುಗಿದು, "ದೊಡ್ಡ ಉಪಕಾರ ಆಯ್ತು" ಅಂದರು! ಮೈಯೆಲ್ಲ ಉರಿದುಹೋಯಿತು. ಯಾಕೆ ನಿಜ ಹೇಳಲಿಲ್ಲ ಎಂದು ದಾರಿಯಲ್ಲಿ ಕೇಳಿದ್ದಕ್ಕೆ, "ಸುಮ್ನೆ ನಡೀತಾಳೆ ಅಂದ್ರೆ ಯಾರು ನಂಬ್ತಾರೆ ಮಾರಾಯ್ತಿ?" ಅಂದರು. ಇದೇ ಮನುಷ್ಯ ದಿನಾ ಸಂಜೆ ಗಾಂಧಿ ಬಜಾರಿನಲ್ಲಿ ಕೆಲಸವಿಲ್ಲದೆ ಸುತ್ತಿ ಬರುತ್ತಾರೆ. ಅವರನ್ನು ಹಿಡಿದು ಯಾರೂ ನೀರು ಕುಡಿಸಿಲ್ಲ. ಮಂಡಿಯ ಮಾತು ಹಾಗಿರಲಿ, ಆ ಸುತ್ತನ್ನು ಒಬ್ಬಳೇ ಮುಗಿಸದಿದ್ದರೆ ನನಗೆ ಅನ್ನ ಸೇರುವುದಿಲ್ಲ ಎನ್ನಿಸಿತು.

ಸ್ಕೂಟರಿನ ಹಿಂದೆ ಕೂತಾಗಲೇ ಒಂದು ಕಂಡಿತ್ತು. ಬದುವಿನ ಮೇಲೆ, ಕಾಡಿನ ಅಂಚಿನಲ್ಲಿ, ಎಲ್ಲೆಲ್ಲೂ ಒಂಟಿ ಹೆಂಗಸರು ಓಡಾಡುತ್ತಿದ್ದರು. ಎಲ್ಲರ ಕೈಯಲ್ಲೂ ಕುಡುಗೋಲು. ಅವರನ್ನು ಯಾರೂ ತಡೆಯುತ್ತಿರಲಿಲ್ಲ.

ಮರುದಿನ ಗಾಂಧಿ ಬಜಾರಿಗೆ ಹೋಗಿ ಕುಡುಗೋಲು ಕೊಂಡೆ. "ಹುಲ್ಲಿಗಾ ಅಮ್ಮಾ?" ಅಂದ ಅಂಗಡಿಯವನು. "ಹೂಂ" ಅಂದೆ, ನಮ್ಮ ಮನೆಯವರ ಹಾಗೆಯೇ. ಹಳೆಯ ಸೀರೆ ಉಟ್ಟು, ಖಾಲಿ ಗೊಬ್ಬರದ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಗಾಜನೂರಿನ ಬಸ್ಸು ಹತ್ತಿದೆ.

ಅದೇ ಏರಿ, ಅದೇ ಬೈಕಿನವನು. ಹಾರ್ನ್ ಹೊಡೆದು ನನ್ನನ್ನು ಬದಿಗೆ ಸರಿಸಿ, ತಿರುಗಿಯೂ ನೋಡದೆ ಹೋದ. ಟೀ ಅಂಗಡಿಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಅಕೇಶಿಯಾ ತೋಪು ದಾಟಿ, ಹಳೆಯ ಮರಗಳ ತಂಪಿನಲ್ಲಿ ಬೇಕೆಂದಷ್ಟು ಹೊತ್ತು ನಿಂತೆ. ಖುಷಿಯಾಗಬೇಕಿತ್ತು. ಹಲ್ಲು ಕಡಿಯುವಷ್ಟು ಕೋಪ ಬಂತು. ನನ್ನ ಪಾಡಿಗೆ ನಾನು ನಡೆಯಲು ಈ ಕಬ್ಬಿಣದ ತುಂಡಿನ ಶಿಫಾರಸು ಬೇಕಾಯಿತಲ್ಲ!

ಎರಡನೆಯ ಊರು ಕಳೆದ ಮೇಲೆ, ಬಸ್ ಸ್ಟಾಪಿಗೆ ಹೋಗುವ ಬದುವಿನ ಮೇಲೆ ನನ್ನದೇ ವಯಸ್ಸಿನ ಹೆಂಗಸೊಬ್ಬಳು ಕೂತಿದ್ದಳು. ಪಕ್ಕದಲ್ಲಿ ಕುಡುಗೋಲು, ಒಂದು ಹಿಡಿ ಹುಲ್ಲು. ನನ್ನ ಖಾಲಿ ಚೀಲ ನೋಡಿ ನಕ್ಕಳು.

"ಹುಲ್ಲೆಲ್ಲಿ ಅಕ್ಕಾ?"

ಸುಳ್ಳು ಹೇಳುವ ತಾಳ್ಮೆ ಉಳಿದಿರಲಿಲ್ಲ. "ಹುಲ್ಲೂ ಇಲ್ಲ, ದನಾನೂ ಇಲ್ಲ. ಸುಮ್ನೆ ನಡೆಯೋಕೆ ಬಂದೆ" ಅಂದೆ.

ಅವಳು ಅತ್ತಿತ್ತ ನೋಡಿ, ಸರಿದು ನನಗೆ ಜಾಗ ಮಾಡಿಕೊಟ್ಟಳು.

"ಕೂತ್ಕೊಳಕ್ಕ. ನಮ್ಮನೇಲೂ ದನ ಮಾರಿ ವರ್ಷ ಆಯ್ತು."